ಬಣ್ಣ ಬಿಡೋಣ, ಮರದ ಬಾಗು ನೋಡೋಣ

ಕಾಲೇಜಿನ ಫೋಟೋ ಸ್ಪರ್ಧೆಗೆ ಪ್ರತಿ ವರ್ಷ ಬರುವ ಚಿತ್ರಗಳಲ್ಲಿ ಕಡಲ ತೀರದವೇ ಹೆಚ್ಚು. ಕಿತ್ತಳೆ ಬಣ್ಣದ ಆಕಾಶ, ಮುಳುಗುತ್ತಿರುವ ಸೂರ್ಯ, ಮುಂದೆ ಕಪ್ಪಗೆ ಒಂದು ತೆಂಗಿನ ಮರ. ನೋಡಲು ಚೆನ್ನಾಗಿಯೇ ಇರುತ್ತವೆ. ಆದರೆ ಎಲ್ಲವನ್ನೂ ನೋಟಿಸ್ ಬೋರ್ಡಿನಲ್ಲಿ ಸಾಲಾಗಿ ಅಂಟಿಸಿದಾಗ ಯಾವುದು ಉಳ್ಳಾಲದ್ದು, ಯಾವುದು ಪಣಂಬೂರಿನದ್ದು, ಯಾವುದು ಕಾಪುವಿನದ್ದು ಎಂದು ಹೇಳಲು ಬರುವುದಿಲ್ಲ. ಬಹುಮಾನ ಆಕಾಶಕ್ಕೆ ಸಿಗುತ್ತದೆ. ಮರವನ್ನು ಯಾರೂ ಕೇಳುವುದಿಲ್ಲ.

ಮುಂದಿನ ವರ್ಷದಿಂದ ಈ ಸ್ಪರ್ಧೆಯಲ್ಲಿ ಕಡಲ ತೀರದ ಮರಗಳಿಗೆಂದೇ ಒಂದು ವಿಭಾಗ ಇರಲಿ, ಅದು ಕಪ್ಪು-ಬಿಳುಪಿನದ್ದಾಗಿರಲಿ ಎಂಬುದು ನನ್ನ ಸಲಹೆ. ಹಳೆಯ ಕಾಲದ ಫೋಟೋಗಳ ಮೇಲಿನ ಮೋಹದಿಂದ ಇದನ್ನು ಹೇಳುತ್ತಿಲ್ಲ. ನಮ್ಮ ತೀರದಲ್ಲಿ ಏನಾಗುತ್ತಿದೆ ಎಂಬುದು ಈ ಮರಗಳ ಆಕಾರದಲ್ಲಿದೆ. ಬಣ್ಣ ಆ ಆಕಾರದಿಂದ ನಮ್ಮ ಕಣ್ಣನ್ನು ಬೇರೆ ಕಡೆಗೆ ಎಳೆಯುತ್ತದೆ.

ಮೊದಲು ಗಾಳಿಮರವನ್ನು ನೋಡೋಣ. ಕೆಲವರು ಸರ್ವೆ ಮರ ಎನ್ನುತ್ತಾರೆ. ಆಗ್ನೇಯ ಏಷ್ಯಾ ಮತ್ತು ಆಸ್ಟ್ರೇಲಿಯಾ ಕಡೆಯ ಈ ಮರ 19ನೇ ಶತಮಾನದಲ್ಲಿ ಕಾರವಾರದ ಮರಳಿಗೆ ಬಂತು. ಈಗ ಕರಾವಳಿಯುದ್ದಕ್ಕೂ ಗಾಳಿಗೆ ತಡೆಯಾಗಿ ನಿಂತಿದೆ. ನಾವು ಎಲೆ ಎಂದುಕೊಳ್ಳುವ ಸೂಜಿಗಳು ನಿಜವಾಗಿ ಸಣ್ಣ ಹಸಿರು ರೆಂಬೆಗಳು. ನಿಜವಾದ ಎಲೆಗಳು ಅದರ ಗೆಣ್ಣುಗಳಲ್ಲಿ ಚಿಕ್ಕ ಹೊರಪೆಗಳಂತೆ ಇವೆ.

ತೀರದ ಮೊದಲ ಸಾಲಿನ ಗಾಳಿಮರಗಳು ಕೂದಲನ್ನು ಒಂದೇ ಕಡೆಗೆ ಬಾಚಿದ ಹಾಗೆ ಊರಿನ ಕಡೆಗೆ ವಾಲಿರುತ್ತವೆ. ಗಾಳಿ ತಳ್ಳಿ ತಳ್ಳಿ ಬಗ್ಗಿಸಿತು ಎಂದರೆ ಅದು ಅರ್ಧ ಉತ್ತರ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಅಲೆಯ ತುಂತುರನ್ನು ಹೊತ್ತು ತರುತ್ತದೆ. ಅದರಲ್ಲಿರುವ ಉಪ್ಪು ಕಡಲ ಕಡೆಯ ಚಿಗುರುಗಳನ್ನು ಸುಡುತ್ತದೆ. ಮರೆಯಲ್ಲಿರುವ ಚಿಗುರುಗಳು ಉಳಿದು ಬೆಳೆಯುತ್ತವೆ. ಹೀಗೆ ವರ್ಷಗಳು ಕಳೆದಾಗ ಮರ ಒಂದೇ ಕಡೆಗೆ ಬೆಳೆದಂತೆ ಕಾಣುತ್ತದೆ. ಅದರ ಬಾಗು ಎಂದರೆ ಎಷ್ಟೋ ಮಳೆಗಾಲಗಳ ಲೆಕ್ಕ.

ತೆಂಗಿನ ಕಥೆ ಇದಕ್ಕೆ ತಿರುಗುಮುರುಗು. ಅದು ಬಯಲಿನ ಬೆಳಕು ಹುಡುಕಿ ಕಡಲಿನ ಕಡೆಗೆ ವಾಲುತ್ತದೆ. ಬುಡದ ಮರಳು ಹೋದರೂ ಆ ಕಡೆಗೇ ವಾಲುತ್ತದೆ. ಇವೆರಡರ ವ್ಯತ್ಯಾಸ ಕಾಂಡದಲ್ಲಿ ಕಾಣುತ್ತದೆ. ತೆಂಗಿನ ತುದಿ ಯಾವಾಗಲೂ ಮೇಲಕ್ಕೆ ತಿರುಗಲು ನೋಡುತ್ತದೆ. ಆದರೆ ಒಮ್ಮೆ ಬಲಿತ ಕಾಂಡ ಮತ್ತೆ ನೇರವಾಗುವುದಿಲ್ಲ. ಆದ್ದರಿಂದ ಬುಡದಿಂದ ಬಿಲ್ಲಿನಂತೆ ಬಾಗಿ ತಲೆ ಎತ್ತಿ ನಿಂತ ಮರ ಎಳೆಯ ಪ್ರಾಯದಿಂದಲೇ ವಾಲಿದ್ದು. ಕಾಂಡ ಕೋಲಿನ ಹಾಗೆ ನೇರವಾಗಿದ್ದು, ಇಡೀ ಮರವೇ ಓರೆಯಾಗಿದ್ದರೆ ಅದು ಇತ್ತೀಚೆಗೆ ನೆಲ ಕಳೆದುಕೊಂಡ ಮರ. ತೆಂಗಿಗೆ ತಾಯಿಬೇರು ಇಲ್ಲ. ಬುಡದ ಸುತ್ತ ಹರಡಿದ ನಾರುಬೇರುಗಳೇ ಅದನ್ನು ಹಿಡಿದಿಡುವುದು. ಅಲೆ ಆ ಮರಳನ್ನು ಒಯ್ದರೆ ಮರ ನಿಲ್ಲುವುದಿಲ್ಲ.

ಸೂರ್ಯಾಸ್ತದ ಫೋಟೋದಲ್ಲಿ ಈ ಎರಡೂ ಮರಗಳು ಒಂದೇ ತರಹದ ಕಪ್ಪು ನೆರಳು. ಕಪ್ಪು-ಬಿಳುಪಿನಲ್ಲಿ ಬೆಳಕು ನೋಡಿ ತೆಗೆದ ಫೋಟೋದಲ್ಲಿ ಬೇರು, ತೊಗಟೆ, ಗಾಯ, ಬಾಗು ಬೇರೆ ಬೇರೆಯಾಗಿ ಕಾಣುತ್ತವೆ.

ಸಮುದ್ರದ ಹತ್ತಿರ ಮನೆಯಿರುವ ನನ್ನ ಅಜ್ಜಿಗೆ ಒಮ್ಮೆ ಒಂದೇ ತೆಂಗಿನ ಮರದ ಎರಡು ಫೋಟೋ ತೋರಿಸಿದೆ. ಬಣ್ಣದ್ದನ್ನು ನೋಡಿ ಚೆಂದ ಇದೆ ಎಂದರು. ಕಪ್ಪು-ಬಿಳುಪಿನದ್ದನ್ನು ಕನ್ನಡಕ ಹಾಕಿಕೊಂಡು ಹತ್ತಿರ ಹಿಡಿದು ನೋಡಿದರು. ಬ್ಯಾರಿಯಲ್ಲಿ ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ, "ಇದರ ಬುಡದಲ್ಲಿ ಮಣ್ಣೇ ಇಲ್ಲ. ಮುಂದಿನ ಮಳೆಗೆ ಇದು ಇರುವುದಿಲ್ಲ." ಆಮೇಲೆ ಆ ಜಾಗದಲ್ಲಿ ಮೊದಲು ಎಷ್ಟು ಸಾಲು ತೆಂಗು ಇತ್ತು, ಯಾವ ಮನೆಯವರು ಎಲ್ಲಿಗೆ ಹೋದರು ಎಂದು ಹೇಳತೊಡಗಿದರು. ಮೊದಲ ಫೋಟೋ ನೋಡಿದಾಗ ಇದ್ಯಾವುದೂ ಅವರಿಗೆ ನೆನಪಾಗಿರಲಿಲ್ಲ.

ಉಳ್ಳಾಲ, ಸೋಮೇಶ್ವರ, ಉಚ್ಚಿಲ ಕಡೆಯಿಂದ ಬರುವ ಸ್ನೇಹಿತರಿಗೆ ಕಡಲ್ಕೊರೆತ ಎಂದರೇನು ಎಂದು ನಾನು ವಿವರಿಸಬೇಕಾಗಿಲ್ಲ. ಪ್ರತಿ ಮಳೆಗಾಲದಲ್ಲಿ ಬಂಡೆಕಲ್ಲು ತಂದು ಹಾಕುವುದನ್ನು ಅವರು ನೋಡಿಕೊಂಡೇ ಬೆಳೆದವರು. ಬಿದ್ದ ಮನೆಗೆ ಕಾಗದಪತ್ರವಾದರೂ ಇರುತ್ತದೆ. ಬಿದ್ದ ಮರಕ್ಕೆ ಏನಿದೆ?

ಇಂತಹ ಮರಗಳನ್ನು ಬೇರೆ ಕಡೆಯವರೂ ಗಮನವಿಟ್ಟು ನೋಡಿದ್ದಾರೆ. ಅಮೆರಿಕದ ಎಡ್ವರ್ಡ್ ವೆಸ್ಟನ್ 1929ರಿಂದ ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಬೋಸ್ ತೀರದ ಸೈಪ್ರೆಸ್ ಮರಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದರು. ಎಷ್ಟೋ ಸಲ ಇಡೀ ಮರ ಬಿಟ್ಟು, ಬಂಡೆಯನ್ನು ಹಿಡಿದ ಬೇರು ಅಥವಾ ಸೀಳಿದ ಕಾಂಡವನ್ನಷ್ಟೇ ಚೌಕಟ್ಟಿಗೆ ತಂದರು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ತುತ್ತತುದಿಯಲ್ಲಿರುವ ಸ್ಲೋಪ್ ಪಾಯಿಂಟ್‌ನಲ್ಲಿ, ಗಾಳಿಗೆ ಮರೆಯಾಗಲೆಂದು ರೈತರು ನೆಟ್ಟ ಮರಗಳೇ ಗಾಳಿಗೆ ಒರಗಿ ನಿಂತಿವೆ. ಅಲ್ಲಿಗೆ ಜನ ಅವುಗಳನ್ನು ನೋಡಲೆಂದೇ ಹೋಗುತ್ತಾರೆ. ನಮ್ಮ ಗಾಳಿಮರಗಳ ಮುಂದೆ ಬೈಕ್ ನಿಲ್ಲಿಸಿ ನಾವು ಕಡಲನ್ನು ನೋಡುತ್ತೇವೆ.

ಇದಕ್ಕೆ ದುಬಾರಿ ಕ್ಯಾಮೆರಾ ಬೇಡ, ಮನೆಯವರ ಮೊಬೈಲ್ ಸಾಕು. ಅಸರ್‌ನಿಂದ ಮಗ್ರಿಬ್‌ವರೆಗಿನ ಬೆಳಕಿನಲ್ಲಿ ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ನೀವು ತೀರದ ಉದ್ದಕ್ಕೆ, ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ. ಮರ ವಾಲಿರುವುದು ಪೂರ್ವ-ಪಶ್ಚಿಮವಾಗಿ. ಕಡಲಿಗೆ ಎದುರಾಗಿ ನಿಂತರೆ ಆ ಬಾಗು ಕಾಣುವುದೇ ಇಲ್ಲ. ಜೊತೆಗೆ ಓರೆಯಾಗಿ ಬೀಳುವ ಬಿಸಿಲಿನಲ್ಲಿ ತೊಗಟೆಯ ಗೆರೆಗಳು ಎದ್ದು ಕಾಣುತ್ತವೆ. ಮೊಬೈಲನ್ನು ನೆಟ್ಟಗೆ ಹಿಡಿಯಿರಿ. ಕಡಲಿನ ಗೆರೆ ಓರೆಯಾದರೆ ಮರದ ಬಾಗೂ ಸುಳ್ಳಾಗುತ್ತದೆ. ಕಪ್ಪು-ಬಿಳುಪಿಗೆ ತಿರುಗಿಸಿದಾಗ ನೀಲಿ ಆಕಾಶ ಮತ್ತು ಹಸಿರು ಸೂಜಿಗಳು ಒಂದೇ ಬೂದು ಬಣ್ಣಕ್ಕೆ ಬರಬಹುದು. ಎಡಿಟ್ ಮಾಡುವಾಗ ನೀಲಿಯನ್ನು ಕಡಿಮೆ ಮಾಡಿದರೆ ಆಕಾಶ ಕಪ್ಪಾಗಿ ಮೋಡ ಬೇರೆಯಾಗುತ್ತದೆ. ಫಿಲ್ಮ್ ಕಾಲದವರು ಇದಕ್ಕಾಗಿಯೇ ಹಳದಿ, ಕೆಂಪು ಫಿಲ್ಟರ್ ಇಟ್ಟುಕೊಳ್ಳುತ್ತಿದ್ದರು. ಲೆನ್ಸ್ ಮೇಲೆ ಕೂರುವ ಉಪ್ಪನ್ನು ಆಗಾಗ ಒರೆಸಿ. ಮಳೆಗಾಲದಲ್ಲಿ ಅಲೆಯ ಹತ್ತಿರ ಖಂಡಿತ ಹೋಗಬೇಡಿ, ದೂರದಿಂದ ತೆಗೆದರೆ ಸಾಕು.

ಇದಕ್ಕೆ ಆಕ್ಷೇಪಗಳಿವೆ ಎಂದು ಗೊತ್ತು. ಅಲ್ಲಾಹು ಕೊಟ್ಟ ಬಣ್ಣವನ್ನು ಅಳಿಸುವುದೇಕೆ ಎಂದು ಗೆಳತಿಯೊಬ್ಬಳು ಕೇಳಿದಳು. ಅವಳ ಮಾತಿನಲ್ಲಿ ಹುರುಳಿದೆ. ಉಪ್ಪಿಗೆ ಸುಟ್ಟು ಕಂದಾದ ರೆಂಬೆಯನ್ನೂ ಹಸಿರು ರೆಂಬೆಯನ್ನೂ ಕಪ್ಪು-ಬಿಳುಪು ಸ್ಪಷ್ಟವಾಗಿ ಬೇರ್ಪಡಿಸುವುದಿಲ್ಲ. ಹಾಗಾಗಿ ಬಣ್ಣದ ಪ್ರತಿಯನ್ನೂ ಇಟ್ಟುಕೊಳ್ಳೋಣ. ಆದರೆ ಗೋಡೆಗೆ ಹಾಕಲು ಆಕಾರ ಹೇಳುವ ಪ್ರತಿಯನ್ನು ಆರಿಸೋಣ. ಅದಲ್ಲದೆ, ನಮ್ಮ ಈ ಪತ್ರಿಕೆ ಒಂದೇ ಶಾಯಿಯಲ್ಲಿ ಅಚ್ಚಾಗುವುದು. ಕಿತ್ತಳೆ ಸೂರ್ಯಾಸ್ತ ಇದರಲ್ಲಿ ಬೂದಿಯಂತೆ ಬರುತ್ತದೆ. ಬೇರಿನ ಚಿತ್ರ ಬೇರಾಗಿಯೇ ಬರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಬೀಳುತ್ತಿರುವ ಮರ, ಅದರ ಹಿಂದೆ ಬಿರುಕು ಬಿಟ್ಟ ಮನೆ, ಇವನ್ನು ಕಪ್ಪು-ಬಿಳುಪಿನಲ್ಲಿ ತೆಗೆದರೆ ಬೇರೊಬ್ಬರ ಕಷ್ಟ ನಮಗೆ ಕಲೆಯಾಗಿಬಿಡುತ್ತದೆ. ಈ ಅಪಾಯ ನಿಜ. ಅದಕ್ಕೆ ಎರಡು ನಿಯಮ ಇರಲಿ. ಯಾರದಾದರೂ ಹಿತ್ತಲಿನ ಮರವಾದರೆ ಅವರನ್ನು ಕೇಳಿಯೇ ತೆಗೆಯಬೇಕು, ಒಂದು ಪ್ರತಿಯನ್ನು ಅವರಿಗೆ ಕೊಡಬೇಕು. ಪ್ರತಿ ಫೋಟೋದ ಕೆಳಗೆ ಊರು, ದಿನಾಂಕ, ಮರದ ಹೆಸರು, ಯಾವ ದಿಕ್ಕಿಗೆ ನಿಂತು ತೆಗೆದದ್ದು ಎಂದು ಬರೆಯಬೇಕು. ಹೆಸರೂ ದಿನಾಂಕವೂ ಇಲ್ಲದ ಫೋಟೋ ಬರೀ ಅಲಂಕಾರ. ಅವು ಇದ್ದರೆ ಅದೇ ಫೋಟೋ ದಾಖಲೆಯಾಗುತ್ತದೆ.

ಪ್ರಾಂಶುಪಾಲರಲ್ಲಿ, ಫೋಟೋ ಸ್ಪರ್ಧೆ ನಡೆಸುವ ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇಷ್ಟೇ. ಆಸಕ್ತಿಯಿರುವ ಪ್ರತಿ ವಿದ್ಯಾರ್ಥಿ ತನ್ನ ಊರಿನ ಒಂದು ಮರವನ್ನು ಆರಿಸಿಕೊಳ್ಳಲಿ. ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಜನವರಿಯಲ್ಲಿ ಒಮ್ಮೆ ಅದೇ ಜಾಗದಲ್ಲಿ ನಿಂತು ತೆಗೆಯಲಿ. ಮೂರು ಫೋಟೋಗಳನ್ನು ಒಟ್ಟಿಗೇ ಸ್ಪರ್ಧೆಗೆ ಕೊಡಲಿ. ಮೂರನೆಯದರಲ್ಲಿ ಮರ ಇಲ್ಲದಿದ್ದರೆ ಖಾಲಿ ಜಾಗದ ಫೋಟೋವೇ ಬರಲಿ. ಜೀವಶಾಸ್ತ್ರ ವಿಭಾಗದವರು ಮರ ಗುರುತಿಸಲು ನೆರವಾಗಬಹುದು, ಕನ್ನಡ ವಿಭಾಗದವರು ಮೂರು ಸಾಲಿನ ಟಿಪ್ಪಣಿ ಬರೆಸಬಹುದು. ವರ್ಷದ ಕೊನೆಗೆ ಎಲ್ಲವನ್ನೂ ಗ್ರಂಥಾಲಯದಲ್ಲಿ ಒಂದು ಆಲ್ಬಮ್ ಮಾಡಿ ಇಟ್ಟರೆ, ಐದು ವರ್ಷಗಳ ನಂತರ ಇಲ್ಲಿಗೆ ಸೇರುವ ತಮ್ಮ ತಂಗಿಯರು ತಮ್ಮ ಊರಿನ ತೀರ ಎಲ್ಲಿತ್ತು ಎಂದು ಅದರಲ್ಲಿ ಹುಡುಕಿಕೊಳ್ಳಬಹುದು.