ಕೊಟ್ಟ ಮಾತು, ಕಟ್ಟಿದ ಕಂತು

ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. 2003ರ ಜೂನ್ ತಿಂಗಳಲ್ಲಿ ಯಶಸ್ವಿನಿ ಆರೋಗ್ಯ ಯೋಜನೆಯು ಆರಂಭವಾದಾಗ ಸಹಕಾರ ಸಂಘದ ಸದಸ್ಯನಾದ ರೈತನು ತೆರಬೇಕಾಗಿದ್ದ ಕಂತು ಇಷ್ಟೇ. ಅದರ ಅರ್ಧದಷ್ಟನ್ನು ಸರ್ಕಾರವು ತನ್ನ ಬೊಕ್ಕಸದಿಂದ ಸೇರಿಸಿತು. ಈ ಅಲ್ಪ ಹಣಕ್ಕೆ ಪ್ರತಿಯಾಗಿ ಆತನಿಗೆ ದೊರೆತದ್ದು, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಹೃದಯದ ಶಸ್ತ್ರಕ್ರಿಯೆಯವರೆಗೆ ನಾನಾ ಬಗೆಯ ಶಸ್ತ್ರಚಿಕಿತ್ಸೆಗಳನ್ನು ಕೈಯಿಂದ ಹಣ ಸುರಿಯದೆ ಮಾಡಿಸಿಕೊಳ್ಳುವ ಹಕ್ಕು. ಮೊದಲನೆಯ ವರ್ಷದಲ್ಲಿಯೇ ರಾಜ್ಯದಾದ್ಯಂತ 16 ಲಕ್ಷಕ್ಕೂ ಮಿಕ್ಕಿ ಜನರು ಇದಕ್ಕೆ ಹೆಸರು ಕೊಟ್ಟರು.

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಿಗೆ ಇಂತಹ ವ್ಯವಸ್ಥೆಯು ಹೊಂದಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಸಹಕಾರವು ಆ ಸೀಮೆಯ ರೈತರಿಗೆ ಹೊಸದಲ್ಲ. ಬೀದರಿನ ಜಿಲ್ಲಾ ಸಹಕಾರ ಬ್ಯಾಂಕು ಸ್ವಸಹಾಯ ಗುಂಪುಗಳಿಗೆ ಸಾಲ ನೀಡುವುದರಲ್ಲಿ ದೇಶಕ್ಕೇ ಮಾದರಿಯೆನಿಸಿಕೊಂಡಿತ್ತು. ಹುಮನಾಬಾದ್ ತಾಲ್ಲೂಕಿನ ಕಬ್ಬಿನ ಬೆಳೆಗಾರರು ಸಹಕಾರಿ ಸಕ್ಕರೆ ಕಾರ್ಖಾನೆಯ ಏಳುಬೀಳುಗಳನ್ನೆಲ್ಲ ಕಂಡವರು. ಇನ್ನು ಬಸವಕಲ್ಯಾಣವಂತೂ ಕಾಯಕ, ದಾಸೋಹಗಳೆಂಬ ಎರಡು ಮಾತುಗಳಿಗೆ ತವರೂರು. ದುಡಿದವನು ತನ್ನ ಪಾಲನ್ನು ತೆಗೆದಿಡಬೇಕು, ತೆಗೆದಿಟ್ಟುದು ಹತ್ತು ಜನಕ್ಕೆ ಒದಗಬೇಕು ಎಂಬ ಭಾವನೆಯನ್ನು ಅಲ್ಲಿಯ ಜನರಿಗೆ ಯಾವ ಅಧಿಕಾರಿಯೂ ಹೊಸದಾಗಿ ಬೋಧಿಸಬೇಕಾಗಿರಲಿಲ್ಲ.

ಯೋಜನೆಯಲ್ಲಿ ಕುಂದುಗಳಿದ್ದುವು, ನಿಜ. ಸಹಕಾರ ಸಂಘದ ಸದಸ್ಯರಲ್ಲದ ಕೂಲಿಕಾರರಿಗೆ ಅದು ಒದಗಲಿಲ್ಲ. ಜ್ವರ, ಕೆಮ್ಮು, ಸಿಹಿಮೂತ್ರಗಳಂತಹ ನಿತ್ಯದ ಕಾಯಿಲೆಗಳಿಗೆ ಅದರಲ್ಲಿ ಎಡೆಯಿರಲಿಲ್ಲ. ಆದರೆ ಜನರು ಕಂತು ಕಟ್ಟಿ ತಮ್ಮದೆಂದುಕೊಂಡಿದ್ದ ಯೋಜನೆ ಅದು. ರಶೀದಿ ಕೈಯಲ್ಲಿದ್ದವನು ಆಸ್ಪತ್ರೆಯ ಬಾಗಿಲಲ್ಲಿ ದೈನ್ಯದಿಂದ ನಿಲ್ಲಬೇಕಾಗಿರಲಿಲ್ಲ.

2018ರ ಮಾರ್ಚಿಯಲ್ಲಿ ಶ್ರೀ ಸಿದ್ದರಾಮಯ್ಯನವರ ಸರ್ಕಾರವು ‘ಆರೋಗ್ಯ ಕರ್ನಾಟಕ’ವೆಂಬ ಮಹಾಯೋಜನೆಯನ್ನು ಉದ್ಘಾಟಿಸಿತು. ಬಡವ ಬಲ್ಲಿದರೆನ್ನದೆ ರಾಜ್ಯದ ಪ್ರತಿಯೊಬ್ಬ ನಿವಾಸಿಗೂ ಚಿಕಿತ್ಸೆಯ ರಕ್ಷಣೆ ಎಂಬುದು ಅದರ ಘೋಷ. ಬಿಡಿಬಿಡಿಯಾಗಿದ್ದ ಯೋಜನೆಗಳನ್ನೆಲ್ಲ ಅದರೊಳಗೆ ಕರಗಿಸುವುದೆಂದಾಯಿತು. ಆ ವರ್ಷದ ಮೇ 31ಕ್ಕೆ ಯಶಸ್ವಿನಿಯೂ ಮುಗಿಯಿತು.

ಸಣ್ಣ ಹೊಳೆಗಳು ದೊಡ್ಡ ನದಿಯನ್ನು ಸೇರಿದರೆ ನಷ್ಟವೇನು ಎಂದು ಕೇಳಬಹುದು. ನಷ್ಟವು ಘೋಷಣೆಯಲ್ಲಿರಲಿಲ್ಲ, ನಿಬಂಧನೆಗಳಲ್ಲಿತ್ತು. ಹುಮನಾಬಾದಿನ ಆಸುಪಾಸಿನ ಹಳ್ಳಿಯಲ್ಲಿ ಹತ್ತು ಎಕರೆ ಖುಷ್ಕಿ ಭೂಮಿಯುಳ್ಳ ಒಬ್ಬ ರೈತನನ್ನು ಊಹಿಸಿಕೊಳ್ಳಬಹುದು. ತೊಗರಿಯೋ ಸೋಯಾಬೀನೋ ಬೆಳೆಯುತ್ತಾನೆ. ಮಳೆ ಕೈಕೊಟ್ಟ ವರ್ಷ ಸಾಲ. ಕೈಕೊಡದ ವರ್ಷ ಹಳೆಯ ಸಾಲದ ತೀರುವಳಿ. ಆದರೆ ಭೂಮಿಯ ಲೆಕ್ಕದಿಂದ ಅವನು ಬಡತನದ ರೇಖೆಯ ಮೇಲಿನವನು; ಅವನ ಪಡಿತರ ಚೀಟಿ ಎ.ಪಿ.ಎಲ್. ಯಶಸ್ವಿನಿಯ ಕಾಲದಲ್ಲಿ ಈತನಿಗೂ ಬಡವನಿಗೂ ಭೇದವಿರಲಿಲ್ಲ; ಕಂತು ಕಟ್ಟಿದ್ದನೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಹೊಸ ಯೋಜನೆಯಲ್ಲಿ ಎ.ಪಿ.ಎಲ್. ಕುಟುಂಬಕ್ಕೆ ಸರ್ಕಾರವು ಭರಿಸುವುದು ಚಿಕಿತ್ಸೆಗೆ ಗೊತ್ತುಪಡಿಸಿದ ದರದ ನೂರಕ್ಕೆ 30 ಪಾಲು ಮಾತ್ರ. ಒಂದು ಲಕ್ಷ ರೂಪಾಯಿಯ ಶಸ್ತ್ರಕ್ರಿಯೆಯಾದರೆ ಸರ್ಕಾರದ್ದು 30 ಸಾವಿರ. ರೈತನದು 70 ಸಾವಿರ. ಹದಿನೈದು ವರ್ಷ ಕಂತು ಕಟ್ಟಿಕೊಂಡು ಬಂದವನಿಗೆ ‘ಸರ್ವರಿಗೂ ಆರೋಗ್ಯ’ವೆಂಬ ಮಾತಿನ ಅರ್ಥವು ಹೀಗೆ ತಿಳಿದುಬಂದಿತು.

ಮತ್ತೊಂದು ನಿಬಂಧನೆಯೂ ಇತ್ತು. ತುರ್ತು ಸಂದರ್ಭದ ಹೊರತು, ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ‘ಇಲ್ಲಿ ಈ ಚಿಕಿತ್ಸೆ ಸಾಧ್ಯವಿಲ್ಲ’ ಎಂಬ ಶಿಫಾರಸು ಪತ್ರವನ್ನು ತರಬೇಕು. ತತ್ತ್ವದ ದೃಷ್ಟಿಯಿಂದ ಇದು ಅನ್ಯಾಯವಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಕೆಲಸಕ್ಕೆ ಸರ್ಕಾರವೇ ಹೊರಗೆ ಹಣ ತೆರುವುದೇಕೆ? ಆದರೆ ಬಸವಕಲ್ಯಾಣದಿಂದ ಜಿಲ್ಲಾ ಕೇಂದ್ರವಾದ ಬೀದರಿಗೆ ಸುಮಾರು 80 ಕಿಲೋಮೀಟರು. ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದುದೇ 2007ರಲ್ಲಿ. ನೋವು ತಿನ್ನುತ್ತಿರುವವನು ಮೊದಲು ‘ಸಾಧ್ಯವಿಲ್ಲ’ ಎಂಬ ಕಾಗದಕ್ಕಾಗಿ ಅಲೆದು, ಅನಂತರ ‘ಸಾಧ್ಯ’ವೆನ್ನುವ ಊರನ್ನು ಹುಡುಕಿಕೊಂಡು ಹೋಗಬೇಕು.

ಆ ಊರು ಯಾವುದು? ನಕ್ಷೆಯನ್ನು ನೋಡಿದವರಿಗೆ ಉತ್ತರ ಹೊಳೆಯುತ್ತದೆ. ಹುಮನಾಬಾದಿನ ಮೇಲೆ ಹಾಯುವ ಹೆದ್ದಾರಿಗೆ ಹಿಂದೆ 9ನೆಯ ನಂಬರು, ಈಗ 65. ಅದು ಪಶ್ಚಿಮಕ್ಕೆ ಸೊಲ್ಲಾಪುರ, ಪುಣೆಗಳಿಗೂ ಪೂರ್ವಕ್ಕೆ ಹೈದರಾಬಾದಿಗೂ ಹೋಗುತ್ತದೆ. ಬೆಂಗಳೂರು ಅತ್ತ ಆರುನೂರು ಕಿಲೋಮೀಟರಿನಾಚೆ. 1956ರವರೆಗೆ ಹೈದರಾಬಾದೇ ಈ ಸೀಮೆಗೆ ರಾಜಧಾನಿ. 1956ರಲ್ಲಿ ಗಡಿ ಬದಲಾದರೂ ರೋಗಿಯ ದಾರಿ ಬದಲಾಗಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ ಯೋಜನೆಯು ಬಂದು, ಅಕ್ಟೋಬರಿನಲ್ಲಿ ರಾಜ್ಯದ ಯೋಜನೆಯೊಡನೆ ಕೂಡಿಕೊಂಡಿತು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ರಕ್ಷಣೆ ಎಂದು ಸಾರಲಾಯಿತು. ಕೇಂದ್ರದ ಕಾರ್ಡು ದೇಶದ ಯಾವ ಮೂಲೆಯಲ್ಲಿಯೂ ಸಲ್ಲುವುದೆಂಬುದು ಪ್ರಚಾರದ ಮುಖ್ಯಾಂಶ. ಆದರೆ ತೆಲಂಗಾಣ ರಾಜ್ಯವು ಆ ಯೋಜನೆಗೆ ಸೇರಿದುದು 2021ರ ಮೇ ತಿಂಗಳಲ್ಲಿ! ದೇಶದ ಎಲ್ಲ ಮೂಲೆಗಳಲ್ಲಿಯೂ ಸಲ್ಲುವ ಕಾರ್ಡು, ಹುಮನಾಬಾದಿನ ರೋಗಿಗೆ ಬೇಕಾಗಿದ್ದ ಒಂದು ಮೂಲೆಯಲ್ಲಿ ಅಷ್ಟು ಕಾಲ ಸಲ್ಲಲಿಲ್ಲ.

ದೊಡ್ಡ ಮಾತಿನಿಂದ ಸಣ್ಣ ಮನುಷ್ಯನಿಗಾಗುವ ಇಂತಹ ಪೇಚು ಕರ್ನಾಟಕದ ಸೊತ್ತೇನೂ ಅಲ್ಲ. ಅಮೆರಿಕೆಯ ಅಧ್ಯಕ್ಷರಾಗಿದ್ದ ಬರಾಕ್ ಒಬಾಮರು 2009ರಿಂದಲೂ ತಮ್ಮ ಆರೋಗ್ಯ ವಿಮೆಯ ಸುಧಾರಣೆಯನ್ನು ಸಮರ್ಥಿಸುತ್ತ, ಈಗಿರುವ ವಿಮೆಯು ಮೆಚ್ಚಿಗೆಯಾಗಿದ್ದವರು ಅದನ್ನೇ ಉಳಿಸಿಕೊಳ್ಳಬಹುದೆಂದು ಪದೇ ಪದೇ ಆಶ್ವಾಸನೆ ಕೊಟ್ಟಿದ್ದರು. 2010ರ ಮಾರ್ಚಿಯಲ್ಲಿ ಶಾಸನವಾಯಿತು. 2013ರ ಶರತ್ಕಾಲದಲ್ಲಿ, ಹೊಸ ಶಾಸನದ ಕಟ್ಟಳೆಗಳಿಗೆ ಹೊಂದದ ವಿಮೆಗಳು ರದ್ದಾದುವೆಂಬ ಪತ್ರಗಳು ಲಕ್ಷಾಂತರ ಮನೆಗಳಿಗೆ ಬಂದುವು. ನವೆಂಬರಿನಲ್ಲಿ ಒಬಾಮರು ದೂರದರ್ಶನದ ಸಂದರ್ಶನದಲ್ಲಿ ವಿಷಾದವನ್ನು ವ್ಯಕ್ತಪಡಿಸಿದರು. ಅಲ್ಲಿಯ ಸಂಪ್ರದಾಯವಾದಿಗಳು ಎತ್ತಿದ ಆಕ್ಷೇಪಣೆಯಲ್ಲಿ ಹುರುಳಿತ್ತು. ಸರ್ಕಾರವು ಒಳ್ಳೆಯದನ್ನು ಮಾಡಲು ಹೊರಟಿರಬಹುದು. ಆದರೆ ಇದ್ದುದನ್ನು ಕೀಳುವುದಿಲ್ಲವೆಂದು ಮಾತು ಕೊಟ್ಟು ಕಿತ್ತರೆ, ಮುಂದಿನ ಒಳ್ಳೆಯ ಮಾತನ್ನು ನಂಬುವವರು ಯಾರು? (ಈ ಆಕ್ಷೇಪಕರು ತಾವು ಅಧಿಕಾರಕ್ಕೆ ಬಂದರೆ ಆ ಶಾಸನವನ್ನು ರದ್ದುಗೊಳಿಸಿ ಉತ್ತಮವಾದುದನ್ನು ತರುವೆವೆಂದು ವರ್ಷಗಟ್ಟಲೆ ಹೇಳಿ, 2017ರಲ್ಲಿ ತಮ್ಮದೇ ಬಹುಮತವಿದ್ದಾಗ ಸೆನೆಟ್ಟಿನಲ್ಲಿ ಸೋತರೆಂಬುದನ್ನೂ ಮರೆಯಬಾರದು. ಮಾತು ಮುರಿಯುವುದಕ್ಕೆ ಪಕ್ಷಭೇದವಿಲ್ಲ.)

ಹಾಗಾದರೆ ಸರ್ಕಾರವು ಆರೋಗ್ಯದ ಗೊಡವೆಗೆ ಹೋಗಲೇಬಾರದೆ? ಹಳತನ್ನು ಕಾಪಾಡಬೇಕೆನ್ನುವವರಲ್ಲಿ ಕೆಲವರು ಅಲ್ಲಿಗೆ ಮುಟ್ಟುತ್ತಾರೆ, ಅದು ತಪ್ಪು. 2010ರಲ್ಲಿ ‘ವಾಜಪೇಯಿ ಆರೋಗ್ಯಶ್ರೀ’ ಯೋಜನೆಯು ಮೊದಲು ಕಾಲಿಟ್ಟುದು ಬೀದರನ್ನೊಳಗೊಂಡ ಗುಲ್ಬರ್ಗಾ ವಿಭಾಗದಲ್ಲಿಯೇ. ಅದು ಎಲ್ಲರಿಗೂ ಎಲ್ಲವನ್ನೂ ಕೊಡುವೆನೆನ್ನಲಿಲ್ಲ. ಬಡವರಿಗೆ, ಹೃದ್ರೋಗ, ಅರ್ಬುದರೋಗ ಮುಂತಾದ ಗೊತ್ತಾದ ಕೆಲವು ಭಾರಿ ಕಾಯಿಲೆಗಳಿಗೆ, ಪೂರ್ತಿ ಚಿಕಿತ್ಸೆ—ಇಷ್ಟೇ ಅದರ ಮಾತು. ಶಿಬಿರಗಳನ್ನು ನಡೆಸಿ ರೋಗಿಗಳನ್ನು ಹುಡುಕಿ ಕಳುಹಿಸಿದರು. ಯೋಜನೆ ಜಾರಿಯಿದ್ದ ಪ್ರದೇಶದ ಗಡಿಯ ಆಚೆ ಈಚೆಯ ಹಳ್ಳಿಗಳನ್ನು ಹೋಲಿಸಿ ನೋಡಿದ ಸಂಶೋಧಕರು 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶವು ಗಮನಾರ್ಹ: ಆ ಕಾಯಿಲೆಗಳಿಂದ ಸಾಯುವವರ ಪ್ರಮಾಣವು ಯೋಜನೆಗೆ ಒಳಪಟ್ಟ ಬಡ ಕುಟುಂಬಗಳಲ್ಲಿ ನೂರಕ್ಕೆ 64ರಷ್ಟು ಕಡಮೆಯಾಗಿತ್ತು. ಅಳತೆಯರಿತ ಮಾತಿಗೂ ಅಳತೆಮೀರಿದ ಮಾತಿಗೂ ಇರುವ ಅಂತರವನ್ನು ತಿಳಿಯಬೇಕಾದರೆ ಈ ಅಂಕಿಯನ್ನು ರೈತನ ಆ 70 ಸಾವಿರದ ಪಕ್ಕದಲ್ಲಿಟ್ಟು ನೋಡಬೇಕು. ಕೂಲಿಕಾರನನ್ನು ಒಳಕ್ಕೆ ಕರೆದುಕೊಳ್ಳುವುದಕ್ಕಾಗಿ ಕಂತು ಕಟ್ಟಿದವನನ್ನು ಹೊರಕ್ಕೆ ನೂಕಬೇಕಾದ ಅಗತ್ಯವಾದರೂ ಏನಿತ್ತು? ಯಶಸ್ವಿನಿಯನ್ನು ಅದರ ಪಾಡಿಗೆ ಬಿಟ್ಟು, ಅದು ತಲುಪದವರಿಗೆ ಬೇರೆ ದಾರಿಯನ್ನು ಮಾಡಿದ್ದರೆ ಸಾಕಾಗಿತ್ತು.

ಯಾರನ್ನು ಕೇಳುವುದು ಎಂಬುದೂ ತೊಡಕಿನ ಪ್ರಶ್ನೆಯೇ. ಮಹಾಯೋಜನೆಯನ್ನು ಹೂಡಿದವರು ಸಿದ್ದರಾಮಯ್ಯನವರು. ಯಶಸ್ವಿನಿ ಮುಗಿದ ದಿನ ಮುಖ್ಯಮಂತ್ರಿಯಾಗಿದ್ದವರು, ಅದಕ್ಕೆ ಒಂದು ವಾರ ಮೊದಲು ಪ್ರಮಾಣವಚನ ಸ್ವೀಕರಿಸಿದ್ದ ಕುಮಾರಸ್ವಾಮಿಯವರು. 2019ರಲ್ಲಿ ಅಧಿಕಾರಕ್ಕೆ ಬಂದ ಯಡಿಯೂರಪ್ಪನವರು ಆ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ‘ಕಲ್ಯಾಣ ಕರ್ನಾಟಕ’ವೆಂಬ ಹೊಸ ಹೆಸರನ್ನಿಟ್ಟರು. ಹೆಸರು ಸೊಗಸಾದುದೇ, ಅದಕ್ಕೆ ವೈದ್ಯರು ಬೇಕಾಗಿಲ್ಲ, ಹಾಸಿಗೆಗಳೂ ಬೇಕಾಗಿಲ್ಲ.

ಮರುವರ್ಷ ಮಹಾಮಾರಿ ಬಂದಿತು. ಬಸವಕಲ್ಯಾಣದ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರೇ 2020ರ ಸೆಪ್ಟೆಂಬರಿನಲ್ಲಿ ಕೋವಿಡ್‌ಗೆ ತುತ್ತಾಗಿ ಬೆಂಗಳೂರಿನ ಆಸ್ಪತ್ರೆಯಲ್ಲಿ ನಿಧನ ಹೊಂದಿದರು. ತೆರವಾದ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು, ರೋಗದ ಎರಡನೆಯ ಅಲೆಯು ಏರುತ್ತಿದ್ದಾಗಲೇ, ಮತದಾನ ನಡೆಯಿತು. ಸಭೆಗಳು ನೆರೆದುವು, ಭರವಸೆಗಳು ಹರಿದುವು.

ಕಡೆಗೆ 2022ರ ಆಯವ್ಯಯದಲ್ಲಿ ಬಸವರಾಜ ಬೊಮ್ಮಾಯಿಯವರು ಯಶಸ್ವಿನಿಯನ್ನು ಮರಳಿ ತರುವುದಾಗಿ ಪ್ರಕಟಿಸಿದರು. ನವೆಂಬರ್ 1ರಿಂದ ನೋಂದಣಿ. 2023ರ ಜನವರಿಯಿಂದ ಚಿಕಿತ್ಸೆ. ಗ್ರಾಮಾಂತರದ ನಾಲ್ವರ ಕುಟುಂಬಕ್ಕೆ ವರ್ಷದ ಕಂತು 500 ರೂಪಾಯಿ. ಮುಚ್ಚಿದ್ದೇ ತಪ್ಪೆಂದು ಯಾವ ಆದೇಶವೂ ಹೇಳಲಿಲ್ಲ. ಮತ್ತೆ ತೆರೆದುದರಿಂದ ಅದನ್ನು ಊಹಿಸಿಕೊಳ್ಳಬೇಕು. 2018ರ ಮೇ ತಿಂಗಳಿಗೂ 2023ರ ಜನವರಿಗೂ ನಡುವೆ ನಾಲ್ಕೂವರೆ ವರ್ಷಗಳಿಗೂ ಮಿಕ್ಕ ಕಾಲ. ಆ ಅವಧಿಯಲ್ಲಿ ಹೊಲವನ್ನು ಒತ್ತೆಯಿಟ್ಟು ಶಸ್ತ್ರಕ್ರಿಯೆ ಮಾಡಿಸಿಕೊಂಡವರ ಲೆಕ್ಕವನ್ನು ಹೊಸ ಯೋಜನೆಯು ಕೇಳುವುದಿಲ್ಲ. ಹದಿನೈದು ವರ್ಷ ಕಂತು ಕಟ್ಟಿದವನೂ ಸಂಘದ ಕಚೇರಿಗೆ ಹೋಗಿ, ಹೊಸಬನಂತೆಯೇ ಹೆಸರು ಬರೆಸಬೇಕು.