ಬಾಗಿಲ ಮೇಲಿನ ಬರಹ

ರಕ್ತ ಹೀರುವ ಪಿಶಾಚಿಯ ಕಲ್ಪನೆ ಒಂದು ದೇಶಕ್ಕೆ ಸೀಮಿತವಾದುದಲ್ಲ. ಪೂರ್ವ ಯೂರೋಪಿನ ಜನಪದ ನಂಬಿಕೆಗಳನ್ನಾಧರಿಸಿ ಬ್ರಾಮ್ ಸ್ಟೋಕರ್ 1897ರಲ್ಲಿ ‘ಡ್ರಾಕುಲಾ’ ಕಾದಂಬರಿಯನ್ನು ರಚಿಸಿದನು. ಮುಂದೆ ಅದು ಚಲನಚಿತ್ರವಾಯಿತು. ಭವಿಷ್ಯ ನುಡಿಯುವ ಟ್ಯಾರೋ ಎಲೆಗಳ ಮೇಲಿನ ಚಿತ್ರವೂ ಆಯಿತು. ಮನೆಯವರು ಕರೆಯದ ಹೊರತು ಡ್ರಾಕುಲಾ ಹೊಸ್ತಿಲನ್ನು ದಾಟಲಾರ. ಕನ್ನಡ ನಾಡಿನ ದೆವ್ವವೂ ಹೊಸ್ತಿಲಾಚೆ ನಿಂತು ಪರಿಚಿತರ ದನಿಯಲ್ಲಿ ಕೂಗುತ್ತದೆಂಬ ವದಂತಿ 1990ರ ದಶಕದಲ್ಲಿ ಹಬ್ಬಿದಾಗ, ಜನರು ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದರು. 2018ರ ಹಿಂದೀ ಚಿತ್ರ ‘ಸ್ತ್ರೀ’ಗೆ ಈ ಕಥೆಯೇ ಪ್ರೇರಣೆ.

ಇದರಲ್ಲಿ ವಿನೋದವಿದೆ, ವಿಷಾದವೂ ಇದೆ. ಅಕ್ಷರ ಕಲಿತ ಕೈ ಭಯವನ್ನು ನೀಗಲಿಲ್ಲ, ಮರುದಿನಕ್ಕೆ ಮುಂದೂಡಿತು. ಕಥೆ ಕಥೆಯಾಗಿರುವವರೆಗೆ ಹಾನಿಯಿಲ್ಲ. ಆದರೆ ಅಸ್ವಸ್ಥಳಾದ ಹೆಣ್ಣುಮಗಳನ್ನು ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಥಳಿಸಿದಾಗ ರಕ್ತ ಹೀರುವವರು ಮನುಷ್ಯರೇ. ಇದನ್ನು ಅಪರಾಧವೆಂದು ಸಾರುವ 2017ರ ರಾಜ್ಯ ಶಾಸನ 2020ರಲ್ಲಿ ಜಾರಿಗೆ ಬಂದಿತು. ಶರಣರಾದರೋ ಕ್ಷುದ್ರದೈವಗಳ ಭಯವನ್ನು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದ್ದರು.

ಮಂಡ್ಯ, ಮದ್ದೂರು, ಮಳವಳ್ಳಿಗಳ ಶಾಲೆಗಳು ಮಕ್ಕಳಿಗೆ ದೆವ್ವದ ಕಥೆಗಳನ್ನು ಹೇಳಲಿ, ಅವುಗಳ ರಸವನ್ನು ಉಣಿಸಲಿ, ಜೊತೆಗೆ ‘ಕಂಡವರಾರು?’ ಎಂದು ಪ್ರಶ್ನಿಸುವುದನ್ನೂ ಕಲಿಸಲಿ. ಈ ಕಾರ್ಯವನ್ನು ಮಾತ್ರ ನಾಳೆಗೆ ಬಿಡಲಾಗದು.