ಮೂಲಂಗಿ ತಪ್ಪಲ ಹರಿದು ಒಗೀಬ್ಯಾಡ್ರವಾ

ಎಲಿ ಮ್ಯಾಲೆ ಮೂಲಂಗಿ ಹೋಳು ಕಂಡ್ರ ಮೂಗು ಮುರಿಯೋ ನಮ್ಮ ಅಕ್ಕ-ತಂಗೇರಿಗೆ, ಚಿಗವ್ವಗಳಿಗೆ ಇದನ್ನ ಬರಿಯಾಕತ್ತೀನಿ. ಸಿಟ್ಟು ಬಂದ್ರ ಬರಲಿ.

‘ಮೂಲಂಗಿ ನಾರತೈತಿ, ರುಚಿ ಇಲ್ಲ’ ಅಂತೀರಿ. ನೀವು ತಿಂದಿದ್ದು ಯಾವ ಮೂಲಂಗಿ? ತಪ್ಪಲ ಕೊಯ್ದು, ತೊಳದು, ಮೊಳಕೈ ಉದ್ದದ ಬೆಳ್ಳನ ಕೋಲಿನಂಗ ಪೇರಿಸಿಟ್ಟಿರ್ತಾರಲ್ಲ, ಅದು. ಅದರಾಗ ನೀರೇ ಹೆಚ್ಚು. ನಮ್ಮ ಜವಾರಿ ಮೂಲಂಗಿ ಗಿಡ್ಡ, ಒಂದೊಂದು ಸಲ ಸೊಟ್ಟ, ಆದ್ರ ಕಚ್ಚಿದ್ರ ಕಣ್ಣಾಗ ನೀರು ಬರಬೇಕು. ಮೂಲಂಗಿ ಸಾಸಿವಿ ಕುಲದ್ದು. ಸಾಸಿವಿ ಅರದಾಗ ಮೂಗಿಗೆ ಏರೋ ಘಾಟು ಏನೈತಿ, ಇದರ ಘಾಟೂ ಅದೇ ಜಾತಿ. ಆ ಘಾಟು ಹೆಚ್ಚಿಗಿ ಇರೋದು ಸಿಪ್ಪಿಯೊಳಗ. ಅದನ್ನ ಕೆರದು ಒಗದು ಆಮ್ಯಾಲೆ ರುಚಿ ಇಲ್ಲ ಅಂದ್ರ ಹೆಂಗವಾ?

ತಪ್ಪಲದ ಮಾತಂತೂ ಕೇಳಬ್ಯಾಡ್ರಿ. ಎಳೀ ತಪ್ಪಲ ಸಣ್ಣಗ ಹೆಚ್ಚಿ, ಉಳ್ಳಾಗಡ್ಡಿ, ಗುರೆಳ್ಳು ಪುಡಿ, ಉಪ್ಪು, ಮ್ಯಾಲೊಂದಿಷ್ಟು ಶೇಂಗಾ ಎಣ್ಣಿ ಹಾಕಿ ಕಲಸಿದ ಪಚಡಿ ಇದ್ರ ಬಿಸಿ ಜ್ವಾಳದ ರೊಟ್ಟಿಗೆ ಬ್ಯಾರೆ ಪಲ್ಯ ಬೇಕಾ? ಬಲಿತ ತಪ್ಪಲಾನ ಹೆಸರಬ್ಯಾಳಿ ಜೋಡಿ ಬೇಯಿಸ್ರಿ. ನಾವು ದನಕ್ಕ ಹಾಕಿ, ಸೊಪ್ಪು ತಿನ್ನಬೇಕಂತ ಡಾಕ್ಟರು ಹೇಳಿದ್ರು ಅಂತ ಪ್ಯಾಟಿಗೆ ಹೊಂಟೀವಿ!

ಮೂಲಂಗಿಗೆ ಥಂಡಿ ಬೇಕು, ಸಡಿಲ ಮಣ್ಣು ಬೇಕು. ಹೆಂಟಿ ಮಣ್ಣಾಗ ಗಡ್ಡಿ ಕವಲೊಡಿತೈತಿ. ದೀಪಾವಳಿ ಹೊತ್ತಿಗೆ ಚೆಲ್ಲಿದ್ರ ಐವತ್ತು ದಿನದ ಒಳಗ ಕೀಳಬೇಕು. ಮೈಲಾರ ಜಾತ್ರಿ, ಭಾರತ ಹುಣ್ಣಿಮಿ ದಾಟಿ ಬಿಸಲು ಏರಿದ್ರ ಬೆಂಡು ಬೀಳತೈತಿ. ಅದಕ್ಕ ಬ್ಯಾಸಗ್ಯಾಗ ಮಾರೋದು ತಂದು ಬೈಯೋದು ಬಿಡ್ರಿ, ಅದು ಅದರ ಕಾಲ ಅಲ್ಲ.

ಸರಕಾರಿ ತಳಿ ಎಲ್ಲಾ ಕೆಟ್ಟವು ಅಂತ ನಾ ಅನ್ನಂಗಿಲ್ಲ. ಹೆಸರಘಟ್ಟದ ತೋಟಗಾರಿಕಿ ಸಂಶೋಧನಾ ಸಂಸ್ಥೆಯವರ ಅರ್ಕಾ ನಿಶಾಂತ್ ಲಗೂನ ಬೆಂಡಾಗಂಗಿಲ್ಲ, ಬೀಜಾನೂ ಹಿಡೀಬಹುದು. ನನ್ನ ತಕರಾರು ಇರೋದು ಹೈಬ್ರಿಡ್ ಪಾಕೀಟಿನ ಮ್ಯಾಲೆ. ಅದರ ಬೀಜ ಹಿಡಿದು ಮುಂದಿನ ವರ್ಷ ಹಾಕಿದ್ರ ಒಂದೊಂದು ಗಿಡ ಒಂದೊಂದು ನಮೂನಿ. ಮತ್ತ ಅಂಗಡಿ, ಮತ್ತ ರೊಕ್ಕ.

‘ಹಂಗಾರ ನೀನ ಬೀಜ ಉಳಿಸ್ಕೋ’ ಅಂತೀರಿ. ಅಲ್ಲೇ ಐತಿ ತೊಡಕು. ಮೂಲಂಗಿ ಹೂವಿಗೆ ಜೇನು ಓಡಾಡಬೇಕು, ಒಂಟಿ ಗಿಡ ಸರಿಯಾಗಿ ಕಾಯಿ ಕಟ್ಟಂಗಿಲ್ಲ. ಹತ್ತಿಪ್ಪತ್ತರ ಬಿಡಬೇಕು. ಬಾಜು ಹಿತ್ತಲದಾಗ ಹೈಬ್ರಿಡ್ ಹೂ ಬಿಟ್ರ ಜೇನು ಅದನ್ನೂ ತಂದು ಇದಕ್ಕ ಬೆರಸತೈತಿ. ನಾ ಒಬ್ಬಾಕಿ ಜ್ವಾಕಿ ಮಾಡಿದ್ರೂ ನಿಮ್ಮ ಬೇಲಿ ದಾಟಿ ಬಂದು ಕೆಡಸತೈತಿ. ಹಡಗಲಿ ಮಲ್ಲಿಗಿಗೆ, ಉಡುಪಿ ಕಡೆ ಮಟ್ಟುಗುಳ್ಳ ಬದನಿಕಾಯಿಗೆ ಜಿಐ ಟ್ಯಾಗ್ ಬಂತು ಅಂತ ಹೆಮ್ಮಿ ಪಡ್ತೀವಿ. ಮೂಲಂಗಿಗೆ ಯಾವ ಸಾಹೇಬ್ರೂ ಬರಂಗಿಲ್ಲ, ಓಣಿ ಹೆಣಮಕ್ಕಳೇ ಬರಬೇಕು.

ಈ ಸಲ ಮೊದಲು ಹೂ ಬಿಟ್ಟಿದ್ದನ್ನ ಕಿತ್ತು ಪಲ್ಯ ಮಾಡ್ರಿ, ಅದರ ಬೀಜ ಹಿಡಿದ್ರ ಲಗೂನ ಹೂವಿಗೆ ಹೋಗೋ ಗುಣ ಹೆಚ್ಚತೈತಿ. ತಡಮಾಡಿ ಹೂ ಬಿಡೋ, ಗಡ್ಡಿ ಚಲೋ ಇರೋ ಗಿಡಾನ ಬೀಜಕ್ಕ ಬಿಡ್ರಿ. ಕಾಯಿ ಒಣಗಿದ ಮ್ಯಾಲೆ ನನಗೊಂದು ಹಿಡಿ ಕೊಡ್ರಿ, ನನ್ನವು ನಾ ಕೊಡ್ತೀನಿ.